ಹಿಮದಲ್ಲಿ ಓಡುವ ಬೆಳಕು

ಆರ್ನಾಲ್ಡ್ ಫಾಂಕ್ ಓದಿದ್ದು ಭೂವಿಜ್ಞಾನ, ಹುಚ್ಚು ಹಿಡಿಸಿಕೊಂಡದ್ದು ಸ್ಕೀ ಆಟ. ಜರ್ಮನಿಯ ಯೂಫಾ ಸಂಸ್ಥೆಗಾಗಿ 1926ರಲ್ಲಿ ಅವನು ಮಾಡಿದ ‘ಪವಿತ್ರ ಪರ್ವತ’ ಎಂಬ ಮೂಕಿ ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ದಣಿವಿಲ್ಲ.

ಚಿತ್ರ ಶುರುವಾಗುವುದೇ ಒಂದು ವಿನಂತಿಯಿಂದ. ಇದರಲ್ಲಿ ಪಾಲ್ಗೊಂಡ ಹೆಸರಾಂತ ಕ್ರೀಡಾಪಟುಗಳ ಸಾಹಸವನ್ನು ಯಾರೂ ಕ್ಯಾಮೆರಾ ತಂತ್ರವೆಂದು ತಿಳಿಯಬಾರದು; ಹೊರಾಂಗಣ ದೃಶ್ಯಗಳನ್ನು ಒಂದೂವರೆ ವರ್ಷದ ಅವಧಿಯಲ್ಲಿ ಆಲ್ಪ್ಸ್ ಪರ್ವತಗಳಲ್ಲೇ ತೆಗೆಯಲಾಗಿದೆ. ಎಂಥ ಹೆಮ್ಮೆ! ಮುಂದೆ ಬರುವ ಸ್ಕೀ ಪಂದ್ಯ ಆ ಹೆಮ್ಮೆಗೆ ಪೂರಾ ತಕ್ಕುದಾಗಿದೆ. ಸ್ಪರ್ಧಿಗಳು ಮರಗಳ ನಡುವೆ ನುಸುಳಿ ಇಳಿಜಾರಿಗೆ ಬೀಳುತ್ತಾರೆ. ಸೂರ್ಯ ಅವರ ಬೆನ್ನ ಹಿಂದಿದ್ದಾಗ, ತಿರುವಿನಲ್ಲಿ ಚಿಮ್ಮಿದ ಹಿಮದ ಪುಡಿ ಒಂದು ಗಳಿಗೆ ಗಾಳಿಯಲ್ಲಿ ಹೊಳೆದು ನಿಲ್ಲುತ್ತದೆ. ಆ ಹೊಳಪನ್ನು ಹಿಡಿಯಲು ಛಾಯಾಗ್ರಾಹಕನೂ ಸ್ಕೀ ಬಲ್ಲವನಾಗಿರಬೇಕು. ಫಾಂಕ್‌ನ ಬಳಗದ ಸೆಪ್ ಆಲ್ಗಯರ್, ಹಾನ್ಸ್ ಶ್ನೀಬರ್ಗರ್ ಅಂಥವರೇ.

ಕಥೆ ಮಾತ್ರ ಸಾಧಾರಣ: ಒಬ್ಬ ನರ್ತಕಿ, ಅವಳನ್ನು ಪ್ರೀತಿಸುವ ಇಬ್ಬರು ಗೆಳೆಯರು. ನರ್ತಕಿಯಾಗಿ ಮೊದಲ ಬಾರಿಗೆ ಮುಖ್ಯ ಪಾತ್ರದಲ್ಲಿ ಕಾಣಿಸಿಕೊಂಡ ಲೆನಿ ರೀಫೆನ್‌ಸ್ಟಾಲ್ ಮುಂದೆ ನಾಜಿ ಆಡಳಿತಕ್ಕಾಗಿ ಪ್ರಚಾರ ಚಿತ್ರಗಳನ್ನು ಮಾಡಿದಳು. 1936ರ ಬರ್ಲಿನ್ ಒಲಿಂಪಿಕ್ಸನ್ನೂ ಚಿತ್ರೀಕರಿಸಿದಳು. ಆ ಇತಿಹಾಸವನ್ನು ಮರೆತು ಈ ಚಿತ್ರವನ್ನು ನೋಡಲಾಗದು, ನೋಡಲೂಬಾರದು.

ಆದರೂ ರಾತ್ರಿಯ ಹುಡುಕಾಟದ ಭಾಗಕ್ಕೆ ನಾನು ಸೋಲುತ್ತೇನೆ. ಪಂಜು ಹಿಡಿದವರು ಸಾಲಾಗಿ ಸ್ಕೀ ಮೇಲೆ ಧಾವಿಸುತ್ತಾರೆ, ಬೆಂಕಿಯ ಹೊಗೆ ಹಿಂದಕ್ಕೆ ಹಾರುತ್ತದೆ. ಆಟದ ಕೌಶಲವೇ ಅಲ್ಲಿ ಜೀವ ಉಳಿಸುವ ಕೆಲಸಕ್ಕೆ ಒದಗುತ್ತದೆ. ಇದನ್ನು ಸಾಧ್ಯವಾದರೆ ದೊಡ್ಡ ಪರದೆಯ ಮೇಲೆ, ವಾದ್ಯಸಂಗೀತದೊಂದಿಗೆ ನೋಡಿ.