ಕಬ್ಬಾಳುದುರ್ಗದ ನೀರು ಮತ್ತು ಸರ್ವೇಶ್ವರನ ಅನುಮತಿ

ದೇವರು ಸರ್ವಶಕ್ತನೂ ಪೂರ್ಣ ಒಳ್ಳೆಯವನೂ ಆಗಿದ್ದರೆ ಲೋಕದಲ್ಲಿ ಕೇಡು ಉಳಿದಿರುವುದೇಕೆ ಎಂಬ ಪ್ರಶ್ನೆಗೆ ಕ್ರೈಸ್ತ ದೈವಶಾಸ್ತ್ರವು ಹದಿನಾರು ಶತಮಾನಗಳಿಂದ ಕೊಡುತ್ತ ಬಂದಿರುವ ಪ್ರಧಾನ ಉತ್ತರವು ಒಂದು ಕ್ರಿಯಾಪದದ ಮೇಲೆ ನಿಂತಿದೆ: ದೇವರು ಕೇಡನ್ನು ಮಾಡುವುದಿಲ್ಲ, ಆಗಗೊಡುತ್ತಾನೆ. ಕನಕಪುರ ತಾಲ್ಲೂಕಿನ ಕಬ್ಬಾಳಮ್ಮ ದೇವಿಯ ಸೀಮೆಯಲ್ಲಿ ಈ ಪ್ರಶ್ನೆ ಇದೇ ರೂಪದಲ್ಲಿ ಏಳಬೇಕಾಗಿಲ್ಲ. ಸಿಡುಬನ್ನೇ ‘ಅಮ್ಮ’ ಎಂದು ಕರೆದ ಹಳೆಯ ಮೈಸೂರಿನ ಜನಪದ ತಿಳಿವಳಿಕೆಯಲ್ಲಿ ಮೈಮೇಲೆ ಬರುವವಳೂ ಅವಳೇ, ತಂಪಾಗಿ ಇಳಿದುಹೋಗುವವಳೂ ಅವಳೇ. ಆದರೆ ಅದೇ ತಾಲ್ಲೂಕಿನ ಅರ್ಕಾವತಿ ದಂಡೆಯ ಹಾರೋಬೆಲೆಯಲ್ಲಿ ಕಥೋಲಿಕ ಕ್ರೈಸ್ತರು ಪ್ರಾರ್ಥಿಸುವ ‘ಸರ್ವೇಶ್ವರ’ನಲ್ಲಿ ಉಗ್ರ ಮತ್ತು ಶಾಂತ ಎಂಬ ಎರಡು ಮುಖಗಳಿಗೆ ಎಡೆಯಿಲ್ಲ. ಎಲ್ಲದಕ್ಕೂ ಒಡೆಯನಾದವನಲ್ಲಿ ಕೇಡಿನ ಲವಲೇಶವೂ ಇಲ್ಲವೆಂದು ನಂಬುವವರಿಗೆ ಸಾವಿನ ಮನೆಯಲ್ಲಿ ಕೇಳಿಬರುವ ‘ದೇವರ ಚಿತ್ತ’ ಎಂಬ ಮಾತು ಬಹಳ ಭಾರವಾಗುತ್ತದೆ.

ಈ ಭಾರವನ್ನು ಆಳವಾಗಿ ತೂಗಿ ನೋಡಿದವರಲ್ಲಿ ಸಂತ ಅಗಸ್ಟೀನ ಪ್ರಮುಖನು. ಬೆಳಕು ಮತ್ತು ಕತ್ತಲೆ ಎರಡೂ ಅನಾದಿ ಶಕ್ತಿಗಳೆಂಬ ಮಾನಿಕೇಯ ಮತದಲ್ಲಿ ಸುಮಾರು ಒಂಬತ್ತು ವರ್ಷ ಕಳೆದು ಹೊರಬಂದ ಅವನು, ಕೇಡು ಎಂಬುದು ಸ್ವತಂತ್ರ ವಸ್ತುವಲ್ಲ, ಇರಬೇಕಾದ ಒಳಿತಿನ ಕೊರತೆ ಎಂದು ವಾದಿಸಿದನು. ಕುರುಡು ಎಂಬುದು ಕಣ್ಣಿನ ಪಕ್ಕದಲ್ಲಿರುವ ಇನ್ನೊಂದು ಪದಾರ್ಥವಲ್ಲ, ನೋಟದ ಅಭಾವ. ದೇಹವನ್ನೂ ಮಣ್ಣನ್ನೂ ಹೀನವೆಂದು ತಳ್ಳದ ಈ ನಿಲುವು ಕ್ರೈಸ್ತ ಚಿಂತನೆಯ ಬಹು ದೊಡ್ಡ ಗಳಿಕೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಇದಕ್ಕೆ ಮೂಲಕಾರಣ ಮತ್ತು ಉಪಕಾರಣ ಎಂಬ ವಿಂಗಡಣೆಯನ್ನು ಸೇರಿಸಿ, ನಡಿಗೆಗೆ ಪ್ರಾಣವೇ ಕಾರಣವಾದರೂ ಕುಂಟುವಿಕೆಗೆ ಸೊಟ್ಟ ಕಾಲು ಕಾರಣವೆಂಬಂತೆ, ಕ್ರಿಯೆಯ ಶಕ್ತಿ ದೇವರದು, ಅದರಲ್ಲಿರುವ ದೋಷ ಸೃಷ್ಟಿಯದು ಎಂದು ವಿವರಿಸಿದನು.

ಈ ಸಿದ್ಧಾಂತವನ್ನು ಒರೆಗೆ ಹಚ್ಚಲು ಕಬ್ಬಾಳಿನ ಬೆಟ್ಟವೇ ಸಾಕು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಸೆರೆಮನೆಯಾಗಿದ್ದ ಕಬ್ಬಾಳುದುರ್ಗವು, ಅಲ್ಲಿನ ನೀರು ಮತ್ತು ಹವೆಯಿಂದಲೇ ಕೈದಿಗಳು ಸಾಯುವ ಜಾಗವೆಂದು ಕುಖ್ಯಾತವಾಗಿತ್ತು. ದೈವಶಾಸ್ತ್ರದ ಪಠ್ಯಗಳು ಮನುಷ್ಯ ಎಸಗುವ ನೈತಿಕ ಕೇಡನ್ನೂ ರೋಗ, ಭೂಕಂಪಗಳಂಥ ನಿಸರ್ಗದ ಕೇಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಚರ್ಚಿಸುತ್ತವೆ. ಆ ಬೆಟ್ಟದ ನೆತ್ತಿಯಲ್ಲಿ ಎರಡೂ ಒಂದೇ ಗುಟುಕಿನಲ್ಲಿ ಕೈದಿಯ ಗಂಟಲಿಗೆ ಇಳಿಯುತ್ತಿದ್ದವು. ನೀರಿನ ಗುಣವನ್ನು ಅರಿತೇ ಕೈದಿಯನ್ನು ಮೇಲಕ್ಕೆ ಕಳುಹಿಸಿದ ಅಧಿಕಾರಿಯು ತಾನು ವಿಷವಿಕ್ಕಲಿಲ್ಲ, ನೀರು ತನ್ನ ಕೆಲಸ ಮಾಡಲು ಬಿಟ್ಟೆನಷ್ಟೇ ಎಂದರೆ ಯಾವ ನ್ಯಾಯಸ್ಥಾನವೂ ಅವನನ್ನು ಬಿಡುಗಡೆ ಮಾಡದು. ಮನುಷ್ಯನಿಗೆ ಸಲ್ಲದ ಈ ಸಮಜಾಯಿಷಿ ಎಲ್ಲವನ್ನೂ ಬಲ್ಲ ಒಡೆಯನಿಗೆ ಸಲ್ಲುವುದಾದರೂ ಹೇಗೆ?

ಪ್ರೊಟೆಸ್ಟಂಟ್ ಸುಧಾರಕ ಜಾನ್ ಕ್ಯಾಲ್ವಿನ್ ಈ ತೊಡಕನ್ನು ಮುಚ್ಚಿಡಲಿಲ್ಲ. 1559ರಲ್ಲಿ ಅಂತಿಮ ರೂಪ ಪಡೆದ ತನ್ನ ಮುಖ್ಯ ಗ್ರಂಥದಲ್ಲಿ ಅವನು ‘ಬರಿಯ ಅನುಮತಿ’ ಎಂಬ ವಾದವನ್ನು ನುಣುಚಿಕೊಳ್ಳುವ ದಾರಿಯೆಂದು ತಳ್ಳಿಹಾಕಿ, ನಡೆಯುವುದೆಲ್ಲವೂ ದೇವರ ಸಂಕಲ್ಪದಿಂದಲೇ ನಡೆಯುತ್ತದೆ, ಆದರೂ ಪಾಪದ ಹೊಣೆ ಪಾಪಿಯದೇ ಎಂದನು. ಅವನ ಪ್ರಾಮಾಣಿಕತೆ ದೊಡ್ಡದು. ಆದರೆ ಅದಕ್ಕೆ ತೆತ್ತ ಬೆಲೆಯೂ ದೊಡ್ಡದು, ಏಕೆಂದರೆ ಅಲ್ಲಿ ‘ಒಳ್ಳೆಯದು’ ಎಂಬ ಪದಕ್ಕೆ ಮನುಷ್ಯನು ಬಲ್ಲ ಅರ್ಥವೇ ಉಳಿಯುವುದಿಲ್ಲ.

ಗ್ರಂಥಗಳಿಗಿಂತ ಭಿನ್ನವಾದ ಉತ್ತರವೊಂದು ಇದೇ ನಾಡಿನಲ್ಲಿ ಕೈಯ ಕೆಲಸವಾಗಿ ದೊರೆತಿದೆ. ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಯ ಕ್ರೈಸ್ತರ ಆರೈಕೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1803–04ರಲ್ಲಿ ಸಿಡುಬಿನ ವಿರುದ್ಧ 25,000ಕ್ಕೂ ಹೆಚ್ಚು ಜನರಿಗೆ ದಾಕು ಹಾಕಿಸಿದನು. ರೋಗವನ್ನು ದೇವರ ಅನುಮತಿಯೆಂದು ಸುಮ್ಮನೆ ಒಪ್ಪಿಕೊಳ್ಳುವುದಾಗಿದ್ದರೆ ಆ ಸೂಜಿಗೆ ಅರ್ಥವಿರುತ್ತಿರಲಿಲ್ಲ. ಕೇಡನ್ನು ವಿವರಿಸುವಾಗ ತಡವರಿಸುವ ಈ ಪರಂಪರೆ, ಕೇಡನ್ನು ಎದುರಿಸುವಾಗ ತನ್ನ ದೇವರನ್ನು ಹೆಚ್ಚು ಸರಿಯಾಗಿ ಗುರುತಿಸಿತು ಎನ್ನಬೇಕು.

ಬೈಬಲಿನ ಯೋಬನ ಗ್ರಂಥದಲ್ಲಿಯೂ ದೇವರ ಪರವಾಗಿ ವಕಾಲತ್ತು ವಹಿಸಿದ ಗೆಳೆಯರ ಮೇಲೆಯೇ ದೇವರು ಸಿಟ್ಟಾಗುತ್ತಾನೆ, ಗೋಳಾಡಿ ಜಗಳವಾಡಿದ ಯೋಬನ ಮೇಲಲ್ಲ. ಜರ್ಮನಿಯ ದೈವಶಾಸ್ತ್ರಜ್ಞ ಯುರ್ಗೆನ್ ಮೋಲ್ಟ್‌ಮನ್ 1972ರಲ್ಲಿ ‘ಶಿಲುಬೆಗೇರಿದ ದೇವರು’ ಎಂಬ ಅರ್ಥದ ಹೆಸರಿನ ಕೃತಿಯಲ್ಲಿ, ದೇವರನ್ನು ದುರ್ಗದ ಒಡೆಯನ ಪೀಠದಿಂದ ಇಳಿಸಿ ಕೈದಿಯ ಪಕ್ಕದಲ್ಲಿ ಕಂಡನು. ಆದರೆ ಜೊತೆಗೆ ನರಳುವವನು ಬಿಡಿಸಲಾರದವನಾದರೆ ಕೈದಿಗೆ ಸಿಕ್ಕಿದ್ದು ಇನ್ನೊಬ್ಬ ಕೈದಿ ಮಾತ್ರ. ಸಾರ್ವಭೌಮತ್ವವನ್ನು ಪೂರ್ತಿಯಾಗಿ ಬಿಟ್ಟುಕೊಡಲು ನೊಂದವರೇ ಒಪ್ಪುವುದಿಲ್ಲ. ಬಿಡುಗಡೆ ಕಾಣದಿದ್ದರೂ ಅದನ್ನು ಕಾಯುವ ಈ ಹಟ ಅವರ ಪ್ರಾರ್ಥನೆಯಲ್ಲಿಯೇ ಇದೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಕನ್ನಡ ಕಥೋಲಿಕರು ನಡೆಸುವ ಶಿಲುಬೆಹಾದಿಯ ಭಕ್ತಿಯಲ್ಲಿ ಹದಿನಾಲ್ಕು ಸ್ಥಳಗಳಿದ್ದು, ಸಾಂಪ್ರದಾಯಿಕ ಕ್ರಮದಲ್ಲಿ ಕೊನೆಯದು ಸಮಾಧಿ. ಪುನರುತ್ಥಾನಕ್ಕೆ ಅಲ್ಲಿ ಪ್ರತ್ಯೇಕ ಸ್ಥಳವಿಲ್ಲ. ಪ್ರತಿ ಸ್ಥಳದಲ್ಲಿಯೂ ಮೊಣಕಾಲೂರಿದ ಜನರು ಸಮಾಧಿಯ ಮುಂದೆಯೂ ಊರಿ, ಭಾನುವಾರ ಇನ್ನೂ ಬರಬೇಕಾಗಿರುವಾಗಲೇ ಎದ್ದು ಮನೆಯ ದಾರಿ ಹಿಡಿಯುತ್ತಾರೆ.