ತುಕ್ಕು ತೆಗೆಯುವವರು ಎಲ್ಲಿ ನಿಲ್ಲಬೇಕು?

ಹಳೆಯ ಕೈ ಉಪಕರಣಗಳಿಗೆ ಮರುಜೀವ ಕೊಡುವ ವೀಡಿಯೊಗಳು ಯೂಟ್ಯೂಬಿನಲ್ಲಿ ಈಗ ಒಂದು ಪ್ರಕಾರವಾಗಿಯೇ ಬೆಳೆದಿವೆ. ತುಕ್ಕು ತಿಂದ ಇಕ್ಕಳವೋ ಕೊಡಲಿಯೋ ಮೇಜಿನ ಮೇಲೆ ಬರುತ್ತದೆ. ಮಾತಿಲ್ಲದೆ ಕೆಲಸ ಸಾಗುತ್ತದೆ. ಮರಳಿನ ಹೊಡೆತಕ್ಕೆ ಮೈ ಬೆಳ್ಳಗಾಗುತ್ತದೆ, ಮೇಲೆ ಹೊಸ ಬಣ್ಣ ಬೀಳುತ್ತದೆ, ಹಿತ್ತಾಳೆ ಥಳಥಳಿಸುತ್ತದೆ. ನೋಡಲು ಹಿತ, ಇಲ್ಲವೆನ್ನುವುದಿಲ್ಲ. ಗುಜರಿಗೆ ಹೋಗಬೇಕಿದ್ದ ಕಬ್ಬಿಣದತ್ತ ಇಷ್ಟು ಜನ ತಿರುಗಿ ನೋಡುವಂತೆ ಮಾಡಿದ ಪುಣ್ಯವೂ ಇವುಗಳದ್ದೇ. ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಇವುಗಳಲ್ಲಿ ಹೆಚ್ಚಿನವು ಉಪಕರಣದ ಚರಿತ್ರೆಯನ್ನೇ ಒರೆಸಿಹಾಕುತ್ತಿವೆ ಎಂಬುದು ನನ್ನ ತಕರಾರು.

ಅಮೆರಿಕದ ಸ್ಟ್ಯಾನ್ಲಿ ಕಂಪನಿಯ 4ನೇ ನಂಬರಿನ, ಮರ ಕೀಸುವ ಹತ್ತರಿಯನ್ನೇ ನೋಡಿ. ಅದಕ್ಕೂ ಮುಂಚಿನ ಮರದ ಹತ್ತರಿಯಲ್ಲಿ ಅಲಗನ್ನು ಬೆಣೆ ಹೊಡೆದು ಬಿಗಿಮಾಡಬೇಕಿತ್ತು. ಹೆಚ್ಚುಕಮ್ಮಿಯಾದರೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಸರಿಪಡಿಸಬೇಕಿತ್ತು. ಲಿಯೊನಾರ್ಡ್ ಬೈಲಿ ಎಂಬ ಉಪಕರಣ ತಯಾರಕ ಆ ಕೆಲಸವನ್ನು ಬೆರಳಲ್ಲಿ ತಿರುಗಿಸುವ ಒಂದು ತಿರುಪಿಗೆ ಒಪ್ಪಿಸಿದ. ಅವನ ವಿನ್ಯಾಸದ ಹಕ್ಕನ್ನು ಸ್ಟ್ಯಾನ್ಲಿ ಕೊಂಡದ್ದು 1869ರಲ್ಲಿ. ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ಊರಿನಲ್ಲಿ ತಯಾರಾದ, ಸುಮಾರು ಒಂಬತ್ತು ಅಂಗುಲದ ಈ ಹತ್ತರಿಯ ಅಲಗಿನ ಅಗಲ ಎರಡು ಅಂಗುಲ, ಅದು ಕೂರುವ ಓರೆ 45 ಡಿಗ್ರಿ. ಇಂದಿಗೂ ಲೋಹದ ಹತ್ತರಿಗಳು ಬಹುಪಾಲು ಇದೇ ಮಾದರಿಯವು.

ಅಲಗನ್ನೂ ಅದರಡಿಯ ಪೀಠವನ್ನೂ ಬಿಚ್ಚಿದರೆ, ಕೆಲವು ಹತ್ತರಿಗಳ ಎರಕದಲ್ಲೇ ಮೂರು ಪೇಟೆಂಟ್ ದಿನಾಂಕಗಳು ಕಾಣುತ್ತವೆ: 1902ರ ಮಾರ್ಚ್ 25, ಅದೇ ವರ್ಷದ ಆಗಸ್ಟ್ 19, 1910ರ ಏಪ್ರಿಲ್ 19. ಬಲ್ಲವರು ಇದನ್ನು ನೋಡಿದೊಡನೆ 1910ರ ದಶಕದ ಹತ್ತರಿ ಎಂದುಬಿಡುತ್ತಾರೆ. ಅಕ್ಷರಗಳ ಉಬ್ಬು ತೀರಾ ಕಡಿಮೆ. ಅವುಗಳ ಮೇಲಿರುವುದು ಡಾಂಬರಿನ ಜಾತಿಯ ಕಪ್ಪು ಮೆರುಗನ್ನು ಬಳಿದು, ಬಿಸಿಯಲ್ಲಿ ಒಣಗಿಸಿದ ತೆಳು ಪದರ. ಮರಳು ಹೊಡೆದು ಅದನ್ನು ಕಿತ್ತು, ದಪ್ಪ ಬಣ್ಣ ಬಳಿದರೆ ಅಕ್ಷರಗಳು ಹೂತುಹೋಗುತ್ತವೆ. ಹಿಡಿಯದೂ ಇದೇ ಪಾಡು. ಹಳೆಯ ಹತ್ತರಿಗಳ ಹಿಡಿ ಬ್ರೆಜಿಲ್‌ನ ರೋಸ್‌ವುಡ್ಡಿನದು. 1992ರಿಂದ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಬಿರುಕುಬಿಟ್ಟ ಹಿಡಿಗೆ ಅಂಟು ಹಾಕಿ ಬಿಗಿದಿಟ್ಟರೆ ಸಾಕು, ಕೆಲಸಕ್ಕೆ ಬರುತ್ತದೆ. ಅದನ್ನು ಬಿಸಾಡಿ ಬಣ್ಣಬಣ್ಣದ ರಾಳದ ಹಿಡಿ ಕೂರಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಷ್ಟೆಲ್ಲ ಹೊಳಪು ಕೊಟ್ಟ ಹತ್ತರಿ ಮರವನ್ನಾದರೂ ಕೀಸುತ್ತದೆಯೇ? ಕ್ಯಾಮೆರಾ ಅಲ್ಲಿಯವರೆಗೆ ಹೋಗುವುದೇ ಅಪರೂಪ. ಹತ್ತರಿ ಸರಿಹೋಗುವುದು ಕಣ್ಣಿಗೆ ಕಾಣದ ಜಾಗಗಳಲ್ಲಿ. ತಳದ ಮುಂತುದಿ, ಹಿಂತುದಿ, ಅಲಗು ಇಣುಕುವ ಬಾಯಿಯ ಅಂಚು, ಈ ಮೂರೂ ಒಂದೇ ಮಟ್ಟದಲ್ಲಿರಬೇಕು; ಉಳಿದೆಡೆ ಗೀರುಗಳಿದ್ದರೆ ನಷ್ಟವಿಲ್ಲ. ಅಲಗಿನ ಮೇಲೆ ಕೂರುವ ಮುಚ್ಚುಪಟ್ಟಿ ಅಂಚಿನಲ್ಲಿ ಬೆಳಕೂ ನುಸುಳದಂತೆ ಒತ್ತಿಕೊಂಡಿರಬೇಕು. ಸಂದಿಯಿದ್ದರೆ ಹೊಟ್ಟು ಅಲ್ಲೇ ಸಿಕ್ಕಿಕೊಂಡು ಬಾಯಿ ಕಟ್ಟುತ್ತದೆ. ಇನ್ನು ಸಾಣೆ. ವೇಗದ ಚಕ್ರಕ್ಕೆ ಒತ್ತಿ ಹಿಡಿದ ಅಲಗಿನ ತುದಿ ನೀಲಿಗೆ ತಿರುಗಿತೆಂದರೆ ಉಕ್ಕಿನ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಹದ ಕೆಟ್ಟಿದೆ ಎಂದೇ ಅರ್ಥ. ನೂರು ವರ್ಷ ಬಾಳಿದ ಹದ ಒಂದೇ ಗಳಿಗೆಯಲ್ಲಿ ಹಾಳು. ಮತ್ತೆ ಮತ್ತೆ ನೀರಿಗೆ ಅದ್ದುತ್ತಾ ಹಿಡಿಯುವವರು, ಕೊನೆಗೆ ಕಲ್ಲಿನ ಮೇಲೆ ಕೈಯಿಂದಲೇ ಮಸೆಯುವವರು ನನ್ನ ಲೆಕ್ಕದಲ್ಲಿ ದೊಡ್ಡ ಕುಶಲಿಗಳು. ಅವರ ಕೆಲಸ ನಿಧಾನ, ವೀಡಿಯೊದಲ್ಲಿ ರೋಚಕವಾಗಿ ಕಾಣುವುದಿಲ್ಲ.

ಮತ್ತೊಂದು ತುದಿಯಲ್ಲಿ ಸಂಗ್ರಾಹಕರಿದ್ದಾರೆ. ಕಾಲ ಕೊಟ್ಟ ಕಂದು ಬಣ್ಣವನ್ನು ಮುಟ್ಟಬಾರದೆಂಬ ಅವರ ಎಚ್ಚರ ಸರಿಯಾದದ್ದೇ. ಅಪರೂಪದ ಮಾದರಿಗಳಿಗೆ ಅದು ಬೇಕೇ ಬೇಕು. ಆದರೆ ರಾಶಿರಾಶಿಯಾಗಿ ತಯಾರಾದ 4ನೇ ನಂಬರನ್ನೂ ಗಾಜಿನ ಪೆಟ್ಟಿಗೆಯಲ್ಲಿ ಕೂಡಿಹಾಕುವುದನ್ನು ನಾನು ಒಪ್ಪಲಾರೆ.

ಇವೆರಡಕ್ಕಿಂತ ಮೆಚ್ಚಬೇಕಾದ್ದು ಬ್ರಿಟನ್ನಿನ ‘ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್’ ಸಂಸ್ಥೆ ಹಾಕಿಕೊಟ್ಟ ದಾರಿ. ಜನ ಕೊಟ್ಟ ಹಳೆಯ ಉಪಕರಣಗಳನ್ನು ಸ್ವಯಂಸೇವಕರು ರಿಪೇರಿ ಮಾಡಿ ಆಫ್ರಿಕಾದ ಕುಶಲಕರ್ಮಿಗಳಿಗೆ ತಲುಪಿಸುವ ಕೆಲಸ ಅದು. ಕೊನೆಗೆ ಒಬ್ಬ ಬಡಗಿಯ ಕೈ ಸೇರಬೇಕಾದ ಹತ್ತರಿ ಕನ್ನಡಿಯಂತೆ ಹೊಳೆಯಬೇಕಿಲ್ಲ, ಹರಿತವಾಗಿರಬೇಕು. ನಮ್ಮಲ್ಲೂ ಸವೆದ ಕೊಡಲಿಯನ್ನು ಕುಲುಮೆಗೆ ಒಯ್ದು ತಟ್ಟಿಸಿ, ಹೊಸ ಕಾವು ಹಾಕಿಸಿ ಮತ್ತೆ ಕೆಲಸಕ್ಕೆ ಹಚ್ಚುವ ರೂಢಿ ಇದ್ದದ್ದು ಇದೇ ತಿಳಿವಳಿಕೆಯಿಂದ.

ನಿಮ್ಮ ಮನೆಯ ಅಟ್ಟದಲ್ಲೂ ಅಜ್ಜನ ಕಾಲದ ಬಾಚಿಯೋ ಉಳಿಯೋ ಇದ್ದೀತು. ಮೊದಲು ಮೈಮೇಲಿನ ಮುದ್ರೆ, ಕೊರೆದ ಹೆಸರು ಹುಡುಕಿ ಫೋಟೊ ತೆಗೆದಿಟ್ಟುಕೊಳ್ಳಿ. ಸೀಮೆಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿ. ತುಕ್ಕು ಹೋದೊಡನೆ ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಹಚ್ಚಿ, ಬಾಯಿಯನ್ನಷ್ಟೇ ಕಲ್ಲಿನಲ್ಲಿ ಮಸೆಯಿರಿ. ಆಂಗಲ್ ಗ್ರೈಂಡರನ್ನು ಮಾತ್ರ ದಯವಿಟ್ಟು ಅದರ ಹತ್ತಿರ ತರಬೇಡಿ.