ಸ್ಟೋಯಿಕರ ಮರೆತುಹೋದ ಅರ್ಧ

ಆಧುನಿಕ ಯುರೋಪಿನ ತತ್ತ್ವಚಿಂತನೆಗೆ ಸ್ಟೋಯಿಕರು ಕೊಟ್ಟದ್ದೇನು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಬದುಕುವ ಕಲೆ. ಕೋಪತಾಪಗಳನ್ನು ಹತೋಟಿಯಲ್ಲಿಡುವುದು, ಕೈಮೀರಿದ್ದಕ್ಕೆ ಕೊರಗದಿರುವುದು, ಮಿಷೆಲ್ ಫೂಕೊ ಕೊನೆಗಾಲದಲ್ಲಿ ಬರೆದ ಆತ್ಮಪಾಲನೆಯ ವಿಚಾರ. ಇಷ್ಟು ನಿಜವೇ. ಆದರೆ ಸ್ಟೋಯಿಕರ ಅತ್ಯಂತ ದಿಟ್ಟ ಆಲೋಚನೆ ಇದರಲ್ಲಿ ಬಿಟ್ಟೇಹೋಗಿದೆ. ಇಪ್ಪತ್ತನೇ ಶತಮಾನದ ಫ್ರೆಂಚ್ ಚಿಂತನೆಯನ್ನು ಒಳಗಿನಿಂದ ಬದಲಿಸಿದ್ದು ಅವರ ನೀತಿಬೋಧೆಗಿಂತ ಹೆಚ್ಚಾಗಿ ಅವರ ಭೌತವಿಚಾರ ಮತ್ತು ತರ್ಕ ಎಂದು ನಾನು ನಂಬಿದ್ದೇನೆ.

ಜನಪ್ರಿಯ ಅಭಿಪ್ರಾಯ ಹೀಗೆ ಬೇರೂರಲು ಕಾರಣವಿದೆ. ಕ್ರಿ.ಪೂ. 3ನೇ ಶತಮಾನದ ಸ್ಟೋಯಿಕ ಕ್ರಿಸಿಪ್ಪಸ್ ಏಳುನೂರಕ್ಕೂ ಹೆಚ್ಚು ಕೃತಿಗಳನ್ನು ಬರೆದಿದ್ದನೆಂದು ಡಯೋಜಿನೀಸ್ ಲೇರ್ಷಿಯಸ್ ಹೇಳುತ್ತಾನೆ. ಅವುಗಳಲ್ಲಿ ಒಂದೂ ಇಡಿಯಾಗಿ ಉಳಿದಿಲ್ಲ. ನಮಗೆ ದಕ್ಕಿದ್ದು ರೋಮಿನ ಕಾಲದ ಸೆನೆಕಾ, ಎಪಿಕ್ಟೀಟಸ್, ಮಾರ್ಕಸ್ ಔರೇಲಿಯಸ್. ಅವರಲ್ಲಿ ನೀತಿಯದೇ ಮೇಲುಗೈ. 1807ರಲ್ಲಿ ಹೆಗೆಲ್, ಸಿಂಹಾಸನದ ಮೇಲಿದ್ದರೂ ಸಂಕೋಲೆಯಲ್ಲಿದ್ದರೂ ತನ್ನೊಳಗೇ ಸರಿದು ನಿಲ್ಲುವ ಬರಿಯ ಆಲೋಚನೆಯ ಸ್ವಾತಂತ್ರ್ಯ ಇದು ಎಂದು ತೀರ್ಪು ಕೊಟ್ಟುಬಿಟ್ಟ. ಆ ತೀರ್ಪು ಬಹುಕಾಲ ನಡೆಯಿತು.

1903ರಿಂದ 1905ರ ನಡುವೆ ಹಾನ್ಸ್ ಫಾನ್ ಆರ್ನಿಮ್ ಹಳೆಯ ಸ್ಟೋಯಿಕರ ಚೂರುಪಾರು ಬರಹಗಳನ್ನು ಒಟ್ಟುಮಾಡಿ ಪ್ರಕಟಿಸಿದ. ಅದರ ಬೆನ್ನಿಗೇ ಎಮಿಲ್ ಬ್ರೆಯಿಯೆ ಎಂಬ ಫ್ರೆಂಚ್ ವಿದ್ವಾಂಸ ಅವರ 'ಅಶರೀರಿ' ತತ್ತ್ವದ ಮೇಲೆ ಒಂದು ಚಿಕ್ಕ ಪುಸ್ತಕ ಬರೆದ. ಅದರ ತಿರುಳನ್ನು ಸೆಕ್ಸ್‌ಟಸ್ ಎಂಪಿರಿಕಸ್ ದಾಖಲಿಸಿದ ಒಂದು ಉದಾಹರಣೆಯಲ್ಲಿ ಕಾಣಬಹುದು. ಚಾಕು ಮಾಂಸವನ್ನು ಕೊಯ್ಯುತ್ತದೆ. ಚಾಕುವೂ ಶರೀರ, ಮಾಂಸವೂ ಶರೀರ. ಸ್ಟೋಯಿಕರ ಲೆಕ್ಕದಲ್ಲಿ ಆತ್ಮ, ಸದ್ಗುಣ, ದೇವರು ಕೂಡ ಶರೀರವೇ. ಹಾಗಾದರೆ ಮಾಂಸ 'ಕೊಯ್ಯಲ್ಪಟ್ಟಿತು' ಎಂಬುದು ಏನು? ಅಲ್ಲಿ ಹೊಸ ವಸ್ತುವೇನೂ ಹುಟ್ಟಲಿಲ್ಲ. ಎರಡು ಶರೀರಗಳ ನಡುವೆ ಏನೋ ನಡೆಯಿತು, ಅದನ್ನು ಮಾತಿನಲ್ಲಿ ಹೇಳಬಹುದು, ಅಷ್ಟೇ. ಹೀಗೆ ಹೇಳಬಹುದಾದದ್ದು, ಶೂನ್ಯ, ಸ್ಥಳ, ಕಾಲ, ಈ ನಾಲ್ಕನ್ನು ಅವರು ಅಶರೀರಿ ಎಂದರು. ಪ್ಲೇಟೋನಲ್ಲಿ ಅಶರೀರವಾದದ್ದು ಎಲ್ಲಕ್ಕೂ ಮೇಲೆ ಕೂತು ಕಾರಣವಾಗುತ್ತದೆ. ಇಲ್ಲಿ ಅದಕ್ಕೆ ಏನನ್ನೂ ಮಾಡುವ ಶಕ್ತಿಯಿಲ್ಲ. ಅದು ಬರಿಯ ಪರಿಣಾಮ.

ಫ್ರೆಂಚ್ ತತ್ತ್ವಜ್ಞ ಜೀಲ್ ಡೆಲ್ಯೂಜ್ 1969ರ 'ಅರ್ಥದ ತರ್ಕ'ದಲ್ಲಿ ಹಿಡಿದುಕೊಂಡದ್ದು ಇದನ್ನೇ. ಅವನ 'ಘಟನೆ'ಯ ಪರಿಕಲ್ಪನೆ ಬ್ರೆಯಿಯೆಯ ಪುಟಗಳಿಂದ ನೇರವಾಗಿ ಬೆಳೆದದ್ದು. ಅವನಲ್ಲಿ ನೀತಿಯೂ ಅಲ್ಲಿಂದಲೇ ಹೊರಡುತ್ತದೆ. ಕವಿ ಜೋ ಬುಸ್ಕೆ 1918ರ ಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿ, 1950ರಲ್ಲಿ ಸಾಯುವವರೆಗೂ ಹಾಸಿಗೆ ಹಿಡಿದವನು. ಡೆಲ್ಯೂಜ್ ಅವನನ್ನು ಸ್ಟೋಯಿಕ್ ಎಂದು ಕರೆದದ್ದು ಅವನ ಸಹನೆಯನ್ನು ಮೆಚ್ಚಿ ಅಲ್ಲ. ತನ್ನ ಗಾಯವನ್ನು ಆಕಸ್ಮಿಕವೆಂದು ತಳ್ಳಿಹಾಕದೆ, ತನ್ನ ಮೂಲಕ ಮೈತಳೆಯಬೇಕಾದ ಘಟನೆಯೆಂದು ಬುಸ್ಕೆ ಕಂಡಿದ್ದ. ಚಾಕು, ಮಾಂಸದ ಆ ಒಣ ವಿಶ್ಲೇಷಣೆ ತಿಳಿಯದೆ ಈ ಮಾತಿನ ತೂಕ ತಿಳಿಯುವುದಿಲ್ಲ.

ಫೂಕೊನ ವಿಷಯದಲ್ಲೂ ಪ್ರಚಲಿತ ಚಿತ್ರ ಅರೆಬರೆ. 1982ರ ಕೊಲೇಜ್ ದ ಫ್ರಾನ್ಸ್ ಉಪನ್ಯಾಸಗಳಲ್ಲಿ ಅವನು ಸೆನೆಕಾನ ನಿಸರ್ಗವಿಚಾರದ ಕೃತಿಯನ್ನು ಕೈಗೆತ್ತಿಕೊಂಡಿದ್ದ. ಲೋಕವನ್ನು ಅರಿಯದೆ ತನ್ನನ್ನು ಅರಿಯಲಾಗದು ಎಂಬುದು ಅಲ್ಲಿ ಸ್ಪಷ್ಟವಾಗಿದೆ. ಆತ್ಮಪಾಲನೆಯ ಕುರಿತ ಅವನ 1984ರ ಪುಸ್ತಕದಲ್ಲಿ ಅದು ಹಿಂದೆ ಸರಿಯಿತು. ಓದುಗರು ಉಳಿಸಿಕೊಂಡದ್ದು ಆ ಪುಸ್ತಕವನ್ನು. ಸ್ಟೋಯಿಕರು ತಮ್ಮತ್ತ ತಿರುಗಿದ್ದು ವಿಶ್ವವ್ಯಾಪಿಯಾದ ವಿವೇಕವನ್ನು ಸೇರಲು, ಫೂಕೊ ಅದನ್ನು ಬಿಟ್ಟು 'ತಾನು' ಒಂದನ್ನೇ ಎತ್ತಿಕೊಂಡ ಎಂದು ಫ್ರೆಂಚ್ ತತ್ತ್ವಜ್ಞ ಪಿಯೆರ್ ಹಾಡೊ ಆಕ್ಷೇಪಿಸಿದ. ಈ ಆಕ್ಷೇಪ ನನಗೆ ಪೂರ್ತಿ ಒಪ್ಪಿಗೆ.

ಅದೇ ಆಕ್ಷೇಪವನ್ನು ಡೆಲ್ಯೂಜ್‌ಗೂ ಎತ್ತಬೇಕು. ಕ್ರಿಸಿಪ್ಪಸ್ ವಿಧಿಗೆ ತಲೆಬಾಗಿದ್ದು ಆ ವಿಧಿಯಲ್ಲಿ ದೈವೀ ವಿವೇಕವಿದೆ ಎಂಬ ನಂಬಿಕೆಯಿಂದ. ಡೆಲ್ಯೂಜ್ ಆ ವಿವೇಕವನ್ನು ಕೈಬಿಟ್ಟು, ತಲೆಬಾಗುವುದನ್ನು ಮಾತ್ರ ಉಳಿಸಿಕೊಂಡ. ಯಾವ ಯೋಜನೆಯೂ ಇಲ್ಲದ ಲೋಕದಲ್ಲಿ ಬುಸ್ಕೆ ತನ್ನ ಗಾಯಕ್ಕೆ ಯಾಕೆ ಸಮ್ಮತಿಸಬೇಕು? ಇದಕ್ಕೆ 'ಅರ್ಥದ ತರ್ಕ' ಕೊಡುವ ಉತ್ತರ ನನಗೆ ಸಾಲದು. ಸಮ್ಮತಿಸಬೇಕು ಎಂದು ಅದು ಚೆಲುವಾಗಿ ಹೇಳುತ್ತದೆ, ವಾದಿಸಿ ತೋರಿಸುವುದಿಲ್ಲ.